ಆಂಧ್ರದ ನಗರಗಳ ಪೈಪೋಟಿ: ಕರ್ನೂಲಿನಿಂದ ಅಮರಾವತಿವರೆಗೆ

ಕರ್ನಾಟಕದಲ್ಲಿ ಬೆಂಗಳೂರಿಗೆ ಸಾಟಿಯಾದ ಇನ್ನೊಂದು ನಗರವಿಲ್ಲ. ಇಂದಿನ ಆಂಧ್ರಪ್ರದೇಶದಲ್ಲಿ ಹಾಗೆ ಉಳಿದೆಲ್ಲವನ್ನೂ ಮೀರಿಸಿ ನಿಂತ ಊರೇ ಇಲ್ಲ. ವಿಶಾಖಪಟ್ಟಣ, ವಿಜಯವಾಡ, ಗುಂಟೂರು, ತಿರುಪತಿ, ಕರ್ನೂಲು, ಅನಂತಪುರ, ಹೀಗೆ ಪ್ರತಿಯೊಂದು ಊರಿಗೂ ತನ್ನದೇ ಹಕ್ಕಿನ ಮಾತಿದೆ. ಇದು ಬರೀ ಪ್ರತಿಷ್ಠೆಯ ಜಗಳವಲ್ಲ. ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ಭಾಗದ ಕನ್ನಡಿಗರು ಕೋರ್ಟು ಕಚೇರಿಗೆ ಎಷ್ಟು ದೂರ ಹೋಗಬೇಕು ಎಂಬುದು ಈ ಪೈಪೋಟಿಯಿಂದಲೇ ತೀರ್ಮಾನವಾಗುತ್ತ ಬಂದಿದೆ.

ಮೊದಲ ಜಗಳ ವಿಶ್ವವಿದ್ಯಾಲಯಕ್ಕೆ

ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಸ್ಥಾಪನೆಯಾಯಿತು. ಅದು ಬೆಜವಾಡದಲ್ಲಿರಬೇಕೋ (ಇಂದಿನ ವಿಜಯವಾಡ), ವಿಶಾಖಪಟ್ಟಣದಲ್ಲೋ ಎಂಬ ವಾದ ಎದ್ದಿತು. ಅನಂತಪುರದ ಹೆಸರೂ ಕೇಳಿಬಂತು. ಕೊನೆಗೆ ವಿಶಾಖಪಟ್ಟಣದ ವಾಲ್ಟೇರ್ ಗೆದ್ದಿತು. ಬಳ್ಳಾರಿ, ಅನಂತಪುರ, ಕರ್ನೂಲು, ಕಡಪ ಕಡೆಯವರಿಗೆ ಇದು ಸರಿಬರಲಿಲ್ಲ. ಅಲ್ಲಿನ ಕಾಲೇಜುಗಳು ಮದ್ರಾಸು ವಿಶ್ವವಿದ್ಯಾಲಯದಲ್ಲೇ ಉಳಿದವು.

ನಿಜಾಮರು 1800ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟ ಈ ಪ್ರದೇಶಕ್ಕೆ ಅಲ್ಲಿಯವರೆಗೆ 'ದತ್ತ ಮಂಡಲ' ಎಂಬ ಹೆಸರಿತ್ತು. 1928ರ ನಂದ್ಯಾಲ ಸಭೆಯಲ್ಲಿ ಅದಕ್ಕೆ 'ರಾಯಲಸೀಮೆ' ಎಂಬ ಹೆಸರು ಬಂತು.

ಶ್ರೀಬಾಗ್ ಒಪ್ಪಂದ

ಕರಾವಳಿಯವರ ಜೊತೆ ಸೇರಿದರೆ ತಮ್ಮ ಪಾಲು ಕೈತಪ್ಪುತ್ತದೆಂಬ ಭಯ ರಾಯಲಸೀಮೆಗಿತ್ತು. ಅದನ್ನು ಹೋಗಲಾಡಿಸಲು 1937ರ ನವೆಂಬರ್ 16ರಂದು ಮದ್ರಾಸಿನಲ್ಲಿ ಕಾಶೀನಾಥುನಿ ನಾಗೇಶ್ವರರಾವ್ ಪಂತುಲು ಅವರ 'ಶ್ರೀಬಾಗ್' ಮನೆಯಲ್ಲಿ ಎರಡೂ ಕಡೆಯ ಮುಖಂಡರು ಕೂತು ಒಪ್ಪಂದ ಮಾಡಿಕೊಂಡರು. ಅದರ ಮುಖ್ಯ ಅಂಶಗಳು ಇವು:

- ರಾಜಧಾನಿ ಮತ್ತು ಹೈಕೋರ್ಟ್ ಒಂದೇ ಭಾಗದಲ್ಲಿರಬಾರದು. ಎರಡರಲ್ಲಿ ಯಾವುದು ಬೇಕೆಂದು ಆರಿಸುವ ಹಕ್ಕು ರಾಯಲಸೀಮೆಯದು.
- ಅನಂತಪುರದಲ್ಲಿ ವಿಶ್ವವಿದ್ಯಾಲಯ ಕೇಂದ್ರ ಆಗಬೇಕು.
- ತುಂಗಭದ್ರಾ, ಕೃಷ್ಣಾ, ಪೆನ್ನಾರ್ ನೀರಿನಲ್ಲಿ ರಾಯಲಸೀಮೆಗೆ ಆದ್ಯತೆ ಸಿಗಬೇಕು.

ಇಂದಿಗೂ ಕರ್ನೂಲಿನ ವಕೀಲರು ಧರಣಿ ಕೂತರೆ ಮೊದಲು ಬರುವ ಮಾತು ಶ್ರೀಬಾಗ್.

ಡೇರೆಯಲ್ಲಿ ರಾಜಧಾನಿ

ಪೊಟ್ಟಿ ಶ್ರೀರಾಮುಲು ಅವರು ಉಪವಾಸದಲ್ಲಿ ತೀರಿಕೊಂಡ ಮರುವರ್ಷ, 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿತು. ಮದ್ರಾಸು ಸಿಗಲಿಲ್ಲ. ಕಮ್ಯುನಿಸ್ಟರು ವಿಜಯವಾಡ ಕಡೆ ಎಳೆದರು. ಕಡೆಗೆ ಒಪ್ಪಂದದ ಪ್ರಕಾರ ಕರ್ನೂಲು ರಾಜಧಾನಿಯಾಯಿತು. ಕಟ್ಟಡಗಳಿಲ್ಲದೆ ಹಲವು ಕಚೇರಿಗಳು ಡೇರೆಗಳಲ್ಲಿ ನಡೆದವು. 1954ರಲ್ಲಿ ಹೈಕೋರ್ಟ್ ಗುಂಟೂರಿನಲ್ಲಿ ಶುರುವಾಯಿತು.

ಆಂಧ್ರ ರಾಜ್ಯ ಹುಟ್ಟಿದ ದಿನವೇ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಆದೋನಿಯವರ ಜಿಲ್ಲಾ ಕೇಂದ್ರ ಸುಮಾರು 70 ಕಿ.ಮೀ. ದೂರದ ಬಳ್ಳಾರಿಯಿಂದ ಸುಮಾರು 100 ಕಿ.ಮೀ. ದೂರದ ಕರ್ನೂಲಿಗೆ ಬದಲಾಯಿತು. ಅದೇ ಊರು ರಾಜಧಾನಿಯೂ ಆದದ್ದು ಒಂದು ಸಮಾಧಾನ. ಆದರೆ ಅದು ಮೂರೇ ವರ್ಷದ ಭಾಗ್ಯ. 1956ರ ನವೆಂಬರ್ 1ರಂದು ರಾಜಧಾನಿ, ಹೈಕೋರ್ಟ್ ಎರಡೂ ಹೈದರಾಬಾದಿಗೆ ಹೋದವು. ಶ್ರೀಬಾಗ್ ಮೂಲೆ ಸೇರಿತು. ಅನಂತಪುರಕ್ಕೆ ಸ್ವತಂತ್ರ ವಿಶ್ವವಿದ್ಯಾಲಯ (ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ) ಸಿಕ್ಕಿದ್ದು 1981ರಲ್ಲಿ.

ಯಾವ ಊರಿನ ಬಗ್ಗೆ ಯಾವ ಮಾತು

ವಿಶಾಖಪಟ್ಟಣದವರಿಗೆ ಬಂದರು, ನೌಕಾನೆಲೆ, ಉಕ್ಕಿನ ಕಾರ್ಖಾನೆಯ ಹೆಮ್ಮೆ. 1966ರ 'ವಿಶಾಖ ಉಕ್ಕು, ಆಂಧ್ರುಲ ಹಕ್ಕು' ಚಳವಳಿಯ ಘೋಷಣೆ ಕನ್ನಡಿಗರಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ. 'ರಾಜ್ಯದ ಒಂದು ಮೂಲೆಯ ಊರು' ಎಂಬುದು ಉಳಿದವರ ಆಕ್ಷೇಪ. ವಿಜಯವಾಡ ದೊಡ್ಡ ರೈಲ್ವೆ ಜಂಕ್ಷನ್, ವ್ಯಾಪಾರದ ಊರು. ಬೇಸಿಗೆಯ ಬಿಸಿಲಿಗೆ 'ಬ್ಲೇಜ್‌ವಾಡ' ಎಂಬ ಅಡ್ಡಹೆಸರೂ ಇದೆ. ಪಕ್ಕದ ಗುಂಟೂರು ಮೆಣಸಿನಕಾಯಿ ಮಾರುಕಟ್ಟೆಗೆ ಹೆಸರುವಾಸಿ. ಎರಡೂ ಊರಿನವರಿಗೆ ಹಣದ ಸೊಕ್ಕು ಎಂದು ಸೀಮೆಯವರು ಆಡಿಕೊಳ್ಳುತ್ತಾರೆ.

ಸೀಮೆಯವರ ಮೇಲೆ ಬಿದ್ದ ಹಣೆಪಟ್ಟಿ ಇನ್ನೂ ಭಾರದ್ದು. 1999ರ 'ಸಮರಸಿಂಹಾರೆಡ್ಡಿ'ಯಂಥ ಸಿನಿಮಾಗಳ ನಂತರ ಕರ್ನೂಲು, ಅನಂತಪುರ, ಕಡಪ ಎಂದರೆ ನಾಡಬಾಂಬು, ಮಚ್ಚು ಎಂಬ ಚಿತ್ರವೇ ಬೇರೆಡೆಯವರ ಕಣ್ಣಲ್ಲಿ ಕೂತುಬಿಟ್ಟಿತು. ಅಲ್ಲಿ ನಿಜವಾಗಿ ದಿನನಿತ್ಯದ ಮಾತು ಮಳೆ, ಬೋರ್‌ವೆಲ್, ಶೇಂಗಾ ಬೆಲೆ ಮತ್ತು ಬೆಂಗಳೂರಿಗೆ ಕೂಲಿಗೆ ಹೋಗುವುದು.

ಒಂದೋ, ಮೂರೋ?

2014ರ ಜೂನ್ 2ರಂದು ತೆಲಂಗಾಣ ಬೇರೆಯಾದಾಗ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಕೇಂದ್ರ ನೇಮಿಸಿದ ಶಿವರಾಮಕೃಷ್ಣನ್ ಸಮಿತಿ ಕಚೇರಿಗಳನ್ನು ಹಂಚಿ ಇಡುವ ಸಲಹೆ ಕೊಟ್ಟಿತು. ಚಂದ್ರಬಾಬು ನಾಯ್ಡು ಸರ್ಕಾರ ಮಾತ್ರ ವಿಜಯವಾಡ-ಗುಂಟೂರು ನಡುವೆ ಹೊಸ ನಗರ ಕಟ್ಟಲು ಹೊರಟಿತು. ರೈತರಿಂದ 33 ಸಾವಿರ ಎಕರೆಗೂ ಹೆಚ್ಚು ಜಮೀನು ಒಟ್ಟುಗೂಡಿಸಿ, 2015ರ ಅಕ್ಟೋಬರ್ 22ರಂದು ಅಮರಾವತಿಗೆ ಶಂಕುಸ್ಥಾಪನೆ ಆಯಿತು. 2019ರಿಂದ ಹೈಕೋರ್ಟ್ ಕೂಡ ಅಲ್ಲೇ ನಡೆಯುತ್ತಿದೆ.

ಜಗನ್‌ಮೋಹನ ರೆಡ್ಡಿ ಸರ್ಕಾರ 2019ರ ಡಿಸೆಂಬರಿನಲ್ಲಿ ಮೂರು ರಾಜಧಾನಿಗಳ ಮಾತು ತೆಗೆದು, 2020ರಲ್ಲಿ ಕಾನೂನು ತಂದಿತು: ಆಡಳಿತ ವಿಶಾಖಪಟ್ಟಣದಲ್ಲಿ, ಶಾಸನಸಭೆ ಅಮರಾವತಿಯಲ್ಲಿ, ಹೈಕೋರ್ಟ್ ಕರ್ನೂಲಿನಲ್ಲಿ. ಜಮೀನು ಕೊಟ್ಟ ಅಮರಾವತಿ ರೈತರು ಬೀದಿಗಿಳಿದರು. 2021ರ ನವೆಂಬರಿನಲ್ಲಿ ಸರ್ಕಾರ ಕಾನೂನನ್ನು ಹಿಂತೆಗೆದುಕೊಂಡಿತು. 2022ರ ಮಾರ್ಚ್ 3ರಂದು ಹೈಕೋರ್ಟ್ ರೈತರ ಪರ ತೀರ್ಪು ಕೊಟ್ಟಿತು. 2024ರ ಜೂನ್‌ನಲ್ಲಿ ಸರ್ಕಾರ ಬದಲಾಗಿ, 2025ರ ಮೇ 2ರಂದು ಅಮರಾವತಿಯ ಕಾಮಗಾರಿಗೆ ಮರುಚಾಲನೆ ಸಿಕ್ಕಿತು.

ಗಡಿಯವರಿಗೆ ಏನು?

ಆದೋನಿಯಿಂದ ಹೈದರಾಬಾದು ಸುಮಾರು 300 ಕಿ.ಮೀ. ಅಮರಾವತಿ 400 ಕಿ.ಮೀ.ಗೂ ಹೆಚ್ಚು. ವಿಶಾಖಪಟ್ಟಣ 700 ದಾಟುತ್ತದೆ. ಕನ್ನಡ ಶಾಲೆಗೆ ಮೇಷ್ಟ್ರು ಬೇಕು, ಪಠ್ಯಪುಸ್ತಕ ಬೇಕು ಎಂದು ಮಂತ್ರಿಗೆ ಅರ್ಜಿ ಕೊಡಲು ಹೋಗುವವರ ಒಂದು ರಾತ್ರಿ ಬಸ್ಸಿನಲ್ಲೇ ಕಳೆಯುತ್ತದೆ.

ಹೈಕೋರ್ಟಿನ ವಿಷಯದಲ್ಲಿ ಒಂದು ದಾರಿ ತೆರೆದಿದೆ. ಕರ್ನೂಲಿನಲ್ಲಿ ಹೈಕೋರ್ಟ್ ಪೀಠ ಆಗಬೇಕೆಂದು ವಿಧಾನಸಭೆ 2024ರ ನವೆಂಬರಿನಲ್ಲಿ ನಿರ್ಣಯ ಮಾಡಿತು. ಪೀಠಕ್ಕೆ ಹೈಕೋರ್ಟಿನ ಮತ್ತು ಕೇಂದ್ರದ ಒಪ್ಪಿಗೆಯೂ ಬೇಕು. ಕರ್ನಾಟಕದಲ್ಲಿ ಧಾರವಾಡ, ಕಲಬುರಗಿಗಳಲ್ಲಿ 2008ರಲ್ಲಿ ಸಂಚಾರಿ ಪೀಠ ಶುರುವಾಗಿ, 2013ರಲ್ಲಿ ಅವು ಕಾಯಂ ಆದವು. ಆಂಧ್ರದಲ್ಲೂ ಇದು ಆಗದ ಮಾತೇನಲ್ಲ.

ಪೈಪೋಟಿ ಜಿಲ್ಲಾ ಮಟ್ಟಕ್ಕೂ ಇಳಿದಿದೆ. 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ ಆದಾಗ ಹಿಂದೂಪುರದವರು ಜಿಲ್ಲಾ ಕೇಂದ್ರ ತಮಗೇ ಬೇಕೆಂದು ಹೋರಾಡಿದರು, ಸಿಕ್ಕಿದ್ದು ಪುಟ್ಟಪರ್ತಿಗೆ. ಮಡಕಶಿರಾದವರಿಗೆ ಹತ್ತಿರ ಇದ್ದದ್ದು ಹಿಂದೂಪುರ. ರೇಷ್ಮೆಗೂಡು ಮಾರಲು ಅವರು ಈಗಲೂ ಅಲ್ಲಿಗೇ ಹೋಗುತ್ತಾರೆ, ಕಲೆಕ್ಟರ್ ಕಚೇರಿಗೆ ಮಾತ್ರ ಪುಟ್ಟಪರ್ತಿಯ ದಾರಿ ಹಿಡಿಯಬೇಕು. ಆದೋನಿಯನ್ನೇ ಜಿಲ್ಲೆ ಮಾಡಿ ಎಂಬ ಬೇಡಿಕೆಯೂ ಹಳೆಯದು.

ದೊಡ್ಡ ನಗರಗಳ ಜಗಳದಲ್ಲಿ ಗಡಿಯ ಹಳ್ಳಿಗಳ ಹೆಸರು ಬರುವುದಿಲ್ಲ. ಆಸ್ಪತ್ರೆ, ಬಟ್ಟೆ, ಮದುವೆ ಸಂಬಂಧಕ್ಕೆ ಬಳ್ಳಾರಿ, ತುಮಕೂರು, ಬೆಂಗಳೂರು ಹತ್ತಿರ ಎಂದು ಜನ ತಮ್ಮ ದಾರಿ ತಾವು ನೋಡಿಕೊಂಡಿದ್ದಾರೆ. ಆದರೆ ಪಹಣಿ, ಪಿಂಚಣಿ, ಮೇಷ್ಟ್ರ ನೇಮಕಗಳಿಗೆ ಆಂಧ್ರದ ಕಚೇರಿಯೇ ಗತಿ. ಆದ್ದರಿಂದ ಕರ್ನೂಲು ಪೀಠ ಮತ್ತು ಆದೋನಿ ಜಿಲ್ಲೆಯ ಬೇಡಿಕೆಗಳಲ್ಲಿ ಇಲ್ಲಿನ ಕನ್ನಡಿಗರೂ ತೆಲುಗರೂ ಒಂದೇ ಕಡೆ ನಿಲ್ಲುವುದಕ್ಕೆ ಕಾರಣವಿದೆ. ಇಬ್ಬರೂ ಕಾಯುವ ಬಸ್ಸು ಒಂದೇ.