ಸವಳು, ಜಾಲಿ ಮತ್ತು ಮೂರು ಬ್ಲಾಕಿನ ಕಂದಕ

ಭಾಗ 1/8

ಟೆರೇರಿಯಾ ಆಡಿದವರಿಗೆ ಇದು ಗೊತ್ತಿರ್ತದ. ಚಂದಗೆ ಮನೆ ಕಟ್ಟೀರಿ, ಸುತ್ತ ಹಸಿರು ಹುಲ್ಲು, ಮೊಲ ಓಡಾಡ್ಲಿಕತ್ತಾವ. ಕೆಳಗ ಗಣಿ ಅಗೆಯಲಿಕ್ಕೆ ಹೋಗಿ ಮೇಲ ಬರೋದ್ರಾಗ ಹುಲ್ಲಿನ ಒಂದು ಅಂಚು ನೇರಳೆ ಬಣ್ಣಕ್ಕ ತಿರುಗಿರ್ತದ. ಅದರ ಹೆಸರು ಕರಪ್ಷನ್. (ನಮ್ಮ ಕಡೆ ಆ ಪದ ಕೇಳಿದ ಕೂಡಲೇ ಬೇರೆ ಏನೋ ನೆನಪಾಗ್ತದ, ಇರಲಿ.)

ಆಡದೇ ಇದ್ದವರಿಗೆ ಎರಡು ಮಾತು. ಈ ಗೇಮ್ ಬಂದದ್ದು 2011ರ ಮೇನಲ್ಲಿ. ಅಗೆಯೋದು, ಕಟ್ಟೋದು, ಹೊಡೆದಾಡೋದು. ಅದರೊಳಗಿನ ಕರಪ್ಷನ್, ಕ್ರಿಮ್ಸನ್ ಅನ್ನೋ ಕೆಟ್ಟ ನೆಲಗಳು ನಿಂತಲ್ಲಿ ನಿಲ್ಲೋದಿಲ್ಲ, ಹಬ್ಬುತ್ತವೆ. ಮೊದಮೊದಲು ಹುಲ್ಲು, ಮುಳ್ಳಿನ ಮೂಲಕ ಮಾತ್ರ ನಿಧಾನವಾಗಿ. ಆಮೇಲೆ ಆಟಗಾರ ವಾಲ್ ಆಫ್ ಫ್ಲೆಶ್ ಎಂಬ ದೊಡ್ಡ ಬಾಸನ್ನು ಸೋಲಿಸುತ್ತಾನೆ. ಆ ಗೆಲುವಿನ ಕ್ಷಣದಲ್ಲೇ ಇಡೀ ಜಗತ್ತು ಹಾರ್ಡ್‌ಮೋಡ್‌ಗೆ ಹೋಗುತ್ತದೆ. ನೆಲದೊಳಗೆ ಎರಡು ಓರೆ ಪಟ್ಟೆ ಬೀಳುತ್ತವೆ, ಕಲ್ಲು, ಮರಳು, ಮಂಜುಗಡ್ಡೆಗೂ ಸೋಂಕು ಹತ್ತುತ್ತದೆ. ಒಂದು ಕೆಟ್ಟ ಬ್ಲಾಕ್ ಮೂರು ಬ್ಲಾಕ್ ದೂರದ ತನಕ ಕೈ ಚಾಚಬಲ್ಲದು.

ಅದಕ್ಕೇ ಅನುಭವಿಗಳು ಬಾಸ್ ಹೊಡೆಯೋ ಮೊದಲೇ ಮೇಲಿನಿಂದ ಪಾತಾಳದ ತನಕ ಅಗಲವಾದ ಕಂದಕ ತೋಡ್ತಾರ. ಮೂರಕ್ಕಿಂತ ಅಗಲ ಇರ್ಬೇಕು. ಸಣ್ಣದು ಮಾಡಿದ್ರ ದಾಟಿ ಬಿಡ್ತದ.

ಈಗ ಗೇಮ್ ಪಾಜ್ ಮಾಡಿ ಬಾಗಲವಾಡಕ್ಕ ಬರ್ರಿ. ಇದು ಹಿಸ್ಟರಿ ಸರಣಿ.

ಭಾಗ 2/8

ನಮ್ಮ ಸೀಮೆಯ ವಾಲ್ ಆಫ್ ಫ್ಲೆಶ್ ಅಂದ್ರ ಬರ.

1876ರಿಂದ 78ರ ತನಕ ದಕ್ಷಿಣ ಭಾರತ ಕಂಡ ಮಹಾ ಕ್ಷಾಮವನ್ನು ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಅಂತಾರೆ. ತುಂಗಭದ್ರೆ ಪಕ್ಕದಲ್ಲೇ ಹರಿದರೂ ಎರೆ ಹೊಲಕ್ಕೆ ಒಂದು ಹನಿ ಇಲ್ಲ. ನದಿಗೆ ಅಡ್ಡ ಕಟ್ಟಬೇಕು ಅನ್ನೋ ಮಾತು ಹತ್ತಾರು ವರ್ಷ ಕಾಗದದ ಮೇಲೇ ಇತ್ತು, ಯಾಕಂದರೆ ನದಿಯ ಒಂದು ದಂಡೆ ಹೈದರಾಬಾದ್ ನಿಜಾಮರದು, ಇನ್ನೊಂದು ದಂಡೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ್ದು. ರಾಯಚೂರು ಆಗ ನಿಜಾಮರ ಕಡೆ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ.

ಕೊನೆಗೆ 1945ರ ಫೆಬ್ರವರಿ 28ರಂದು ಎರಡೂ ದಂಡೆಯಲ್ಲಿ ಅಡಿಗಲ್ಲು ಬಿತ್ತು. ಈ ಕಡೆ ಬೇರಾರ್ ಯುವರಾಜ, ಆ ಕಡೆ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. ಒಂದೇ ಅಣೆಕಟ್ಟು, ಎರಡು ಸರಕಾರ, ಎರಡು ಕಲ್ಲು! 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದ. ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಕಡೆ ಬರುತ್ತದೆ.

ಬಾಸ್ ಸೋತಿತು. ಹಾರ್ಡ್‌ಮೋಡ್ ಶುರುವಾದದ್ದು ಅಲ್ಲಿಂದಲೇ.

ಭಾಗ 3/8

ಎಂಜಿನಿಯರುಗಳ ಲೆಕ್ಕ ಹೀಗಿತ್ತು: ನೀರನ್ನು ತೆಳ್ಳಗೆ ಹರಡಬೇಕು. ಹೆಚ್ಚು ಊರಿಗೆ, ಸ್ವಲ್ಪ ಸ್ವಲ್ಪ. ಜೋಳ, ಹತ್ತಿ, ಶೇಂಗಾದಂಥ ಹಗುರ ನೀರಾವರಿ ಬೆಳೆಗೇ ಬಹುಪಾಲು ಜಮೀನು, ಭತ್ತಕ್ಕೆ ಗುರುತು ಮಾಡಿದಷ್ಟೇ ಜಾಗ. ಬರ ತಡೆಯೋದು ಗುರಿ. ಗದ್ದೆ ಮಾಡೋದು ಆ ಗುರಿಯಲ್ಲಿ ದೊಡ್ಡದಾಗಿ ಇರಲೇ ಇಲ್ಲ.

ಆದ್ರ ನೀರು ಮನೆ ಬಾಗಲಿಗೆ ಬಂದ ಮೇಲ ಜೋಳ ಯಾರು ಬಿತ್ತತಾರ? ಆಂಧ್ರದ ಕಡೆಯಿಂದ ಭತ್ತ ಬಲ್ಲ ರೈತರು ಬಂದು ಭೂಮಿ ಕೊಂಡರು. ಸಿಂಧನೂರು, ಗಂಗಾವತಿ ಸುತ್ತ ಕ್ಯಾಂಪ್‌ಗಳು ಎದ್ದವು. ಅವರ ಮೇಲೆ ಬೆರಳು ತೋರಿಸೋದು ಸುಲಭ, ಬಹಳ ಮಂದಿ ತೋರಿಸ್ತಾರೂ. ನನಗದು ಸರಿ ಅನ್ನಿಸೋದಿಲ್ಲ. ಅವರು ದಾರಿ ತೋರಿಸಿದರು, ನಮ್ಮವರೂ ಅದೇ ದಾರಿ ಹಿಡಿದರು. ಭತ್ತಕ್ಕೆ ರೊಕ್ಕ ಇತ್ತು, ಜೋಳಕ್ಕೆ ಇರಲಿಲ್ಲ.

ಕಾಲುವೆಯ ಮೇಲ್ಭಾಗದಲ್ಲಿ ವರ್ಷಕ್ಕೆ ಎರಡು ಸಲ ಭತ್ತ ನಿಂತಿತು. ಕೊನೆಭಾಗದವರಿಗೆ, ಅಂದ್ರ ಮಾನ್ವಿ, ರಾಯಚೂರು ಕಡೆಯ ನಮಗೆ, ನೀರಿಗಾಗಿ ಧರಣಿ ಕೂರೋದು ಖಾಯಂ ಆಯಿತು. ಮೇಲಿನ ನೆಲಕ್ಕೆ ಬೇರೆಯೇ ಪೆಟ್ಟು ಬಿತ್ತು.

ಭಾಗ 4/8

ಇದನ್ನ ಸ್ವಲ್ಪ ನಿಧಾನಕ್ಕ ಓದ್ರಿ. ವಿಷಯದ ಗಂಟು ಇಲ್ಲೇ ಅದ.

ನಮ್ಮ ಎರೆ ಮಣ್ಣಿನಲ್ಲಿ ಜೇಡಿ ಅಂಶ ಬಹಳ. ಮೇಲಿಂದ ಹಾಕಿದ ನೀರು ಕೆಳಗೆ ಬೇಗ ಇಳಿದು ಹೋಗೋದಿಲ್ಲ. ವರ್ಷಗಟ್ಟಲೆ ಭತ್ತಕ್ಕೆ ನೀರು ನಿಲ್ಲಿಸಿದರೆ, ಕಾಲುವೆಯೂ ಸೋರುತ್ತಿದ್ದರೆ, ನೆಲದಡಿಯ ನೀರಿನ ಮಟ್ಟ ಮೆಲ್ಲಗೆ ಏರುತ್ತಾ ಬರುತ್ತದೆ. ಮೇಲ್ಮೈಯಿಂದ ಎರಡು ಮೀಟರ್‌ಗಿಂತ ಹತ್ತಿರ ಬಂತೆಂದರೆ ಅಪಾಯ. ಮುಂದೆ ಅದು ತಾನೇ ಮೇಲೇರುತ್ತದೆ, ದೀಪದ ಬತ್ತಿ ಎಣ್ಣೆ ಏರಿಸಿದ ಹಾಗೆ. ಬರುವಾಗ ಮಣ್ಣಿನ ಉಪ್ಪನ್ನೂ ಕರಗಿಸಿಕೊಂಡು ಬರುತ್ತದೆ. ರಾಯಚೂರು ಬಿಸಿಲು ನಿಮಗ ಹೇಳಬೇಕಾ? ನೀರು ಆವಿಯಾಗಿ ಹೋಗ್ತದ, ಉಪ್ಪು ಉಳೀತದ. ಮುಂಜಾನೆ ನೋಡಿದ್ರ ಹೊಲದ ಮೇಲ ಸುಣ್ಣ ಚೆಲ್ಲಿದಂಗ ಬೆಳ್ಳಗ.

ನಮ್ಮ ಮಾತಿನಾಗ ಇದಕ್ಕ ಜೋಡಿ ಹೆಸರು ಅದ: ಸವಳು-ಜವಳು. ಸವಳು ಅಂದ್ರ ಉಪ್ಪು ಹತ್ತಿದ ನೆಲ, ಜವಳು ಅಂದ್ರ ನೀರು ನಿಂತು ಕೊಳೆತ ನೆಲ. ಒಂದರ ಬೆನ್ನಿಗೆ ಇನ್ನೊಂದು.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ಭೂಮಿ ಸುಮಾರು 96,000 ಹೆಕ್ಟೇರ್. ಅಚ್ಚುಕಟ್ಟು ಒಟ್ಟು 3.6 ಲಕ್ಷ ಹೆಕ್ಟೇರ್. ಅಂದರೆ ನಾಲ್ಕರಲ್ಲಿ ಒಂದು ಪಾಲು. ಟೆರೇರಿಯಾದ ಡ್ರೈಯಡ್ ನಿಮ್ಮ ಜಗತ್ತು ಶೇಕಡಾ ಎಷ್ಟು ಕೆಟ್ಟಿದೆ ಅಂತ ಹೇಳ್ತಾಳಲ್ಲ, ಆ ಥರದ ಅಂಕಿ ಇದು.

ಇನ್ನೂ ಒಂದು ಕೆಟ್ಟ ತಿರುವು ಅದ. ಸವಳು ಹತ್ತಿದ ಹೊಲದವನು ಏನು ಮಾಡಬೇಕು? ನಿಂತ ನೀರು ಉಪ್ಪನ್ನು ಕೆಳಗೆ ಒತ್ತಿ ಹಿಡಿಯುತ್ತದೆ, ಆದ್ದರಿಂದ ಹತ್ತಿ ಬಾರದಿದ್ದಲ್ಲಿ ಭತ್ತವಾದರೂ ಒಂದಿಷ್ಟು ಬರುತ್ತದೆ. ಅವನು ಭತ್ತವನ್ನೇ ಹಾಕುತ್ತಾನೆ. ಆ ನೀರು ಪಕ್ಕದ ತಗ್ಗಿನ ಹೊಲಕ್ಕೆ ಸೋರುತ್ತದೆ. ಮೂರು ಬ್ಲಾಕ್ ನಿಯಮ ಇಲ್ಲೂ ನಡೀತದ ನೋಡ್ರಿ.

ಭಾಗ 5/8 (ಸಣ್ಣದು)

ಇದು ನಮ್ಮೊಬ್ಬರ ಕಥೆ ಅಂದ್ಕೋಬ್ಯಾಡ್ರಿ. ಹರಿಯಾಣದ ಕರ್ನಾಲ್ ಹತ್ತಿರದ ಮುನಕ್ ಗ್ರಾಮದವರು ಪಶ್ಚಿಮ ಯಮುನಾ ಕಾಲುವೆಯಿಂದ ಭೂಮಿಗೆ ಉಪ್ಪು ಏರಿದೆ ಅಂತ ದೂರು ಕೊಟ್ಟದ್ದು 1850ರ ದಶಕದಲ್ಲಿ. ಆ ಉಪ್ಪನ್ನು ಅಲ್ಲಿ ರೇಹ್ ಅಂತಾರೆ. ಅದಕ್ಕಾಗಿ ಬ್ರಿಟಿಷ್ ಸರಕಾರ 1870ರ ದಶಕದಲ್ಲಿ ಒಂದು ಕಮಿಟಿಯನ್ನೇ ಮಾಡಿತು. ಅದೇ ಕರ್ನಾಲ್‌ನಲ್ಲಿ 1969ರಿಂದ ಕೇಂದ್ರ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಇದೆ. ಇನ್ನೂ ಹಿಂದಕ್ಕೆ ಹೋದರೆ, ಇಂದಿನ ಇರಾಕಿನ ಸುಮೇರಿಯಾದಲ್ಲಿ ಉಪ್ಪು ಏರಿದ್ದಕ್ಕೇ ಗೋಧಿ ಹೋಗಿ ಬಾರ್ಲಿ ಉಳಿಯಿತು ಎಂದು 1958ರಲ್ಲಿ ಜಾಕೊಬ್ಸನ್ ಮತ್ತು ಆಡಮ್ಸ್ ಎಂಬ ಇಬ್ಬರು ವಿದ್ವಾಂಸರು ವಾದಿಸಿದರು. ಆ ವಾದದ ಬಗ್ಗೆ ಚರ್ಚೆ ಇನ್ನೂ ನಿಂತಿಲ್ಲ.

ಭಾಗ 6/8

ಸವಳು ನೆಲ ಖಾಲಿ ಉಳಿಯೋದಿಲ್ಲ. ಅಲ್ಲಿಗೆ ಬರೋದು ಬಳ್ಳಾರಿ ಜಾಲಿ.

ಹೆಸರು ಬಳ್ಳಾರಿ, ಮೂಲ ಅಮೆರಿಕ ಖಂಡ. 1877ರಲ್ಲಿ, ಅದೇ ಮಹಾ ಕ್ಷಾಮದ ನಡುವೆ, ಜಮೈಕಾದಿಂದ ತಂದ ಬೀಜವನ್ನು ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದರು. ಬೋಳು ನೆಲ ಹಸಿರಾಗಲಿ, ಉರುವಲು ಸಿಗಲಿ ಅನ್ನೋ ಉದ್ದೇಶ. ಬರ, ಉಪ್ಪು ಎರಡನ್ನೂ ತಡೀತದ. ಆಡು-ಕುರಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹಾಕ್ತಾವ. ಕಡಿದ್ರ ಬುಡದಿಂದ ಒಂದರ ಬದಲು ಹತ್ತು ಟಿಸಿಲು. ಬಂಡಿ ಹಾದಿ, ಕೆರೆ ಅಂಗಳ, ಹಳ್ಳದ ದಂಡೆ ಎಲ್ಲಾ ಅದರದೇ ಈಗ.

ಇದಕ್ಕಿಂತ ಮೊದಲೇ ಇಂಥದ್ದೇ ಒಂದು ಯುದ್ಧ ನಡೆದಿತ್ತು, ಪಾಪಾಸುಕಳ್ಳಿ ಜೊತೆ. ಆ ಕಥೆ ನನಗೆ ಎಲ್ಲಕ್ಕಿಂತ ಇಷ್ಟ.

18ನೇ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೆಂಪು ಬಣ್ಣ ಬೇಕಿತ್ತು. ಕೊಚಿನೀಲ್ ಅನ್ನೋ ಹುಳದಿಂದ ತೆಗೆಯೋ ಬಣ್ಣ, ವ್ಯಾಪಾರವೆಲ್ಲ ಸ್ಪೇನ್ ಕೈಯಲ್ಲಿ. ಮದ್ರಾಸಿನಲ್ಲಿ ಡಾಕ್ಟರ್ ಜೇಮ್ಸ್ ಆಂಡರ್ಸನ್ ಆ ಹುಳ ಸಾಕಲೆಂದೇ ಕಳ್ಳಿ ತೋಟ ಮಾಡಿಸಿದರು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಬ್ರೆಜಿಲ್‌ನಿಂದ ಹುಳ ತಂದ. ಬಂದದ್ದು ಬೇರೆ ಜಾತಿಯ ಹುಳ! ಬಣ್ಣ ಕಳಪೆ, ವ್ಯಾಪಾರ ಮುಳುಗಿತು. ಆದರೆ ಆ ಹುಳ ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸತೊಡಗಿತು. ಅದನ್ನು ಕಂಡು 1830ರ ದಶಕದಲ್ಲಿ ಬೇಕಂತಲೇ ದಕ್ಷಿಣಕ್ಕೆ ತಂದು ಬಿಟ್ಟರು. ಹುಳ ಬಿಟ್ಟು ಕಳೆ ಸಾಯಿಸಿದ್ದರಲ್ಲಿ ಜಗತ್ತಿನ ಮೊದಲ ಯಶಸ್ಸು ಇದು ಅಂತ ಪಠ್ಯಗಳಲ್ಲಿ ಬರುತ್ತದೆ.

ಅಷ್ಟಕ್ಕೇ ಮುಗೀಲಿಲ್ಲ. ಆ ಹುಳ ಮುಟ್ಟದ ಇನ್ನೊಂದು ಜಾತಿ ಕಳ್ಳಿ ಹೊಲ ನುಂಗುತ್ತಾ ಬಂತು. 1926ರಲ್ಲಿ ಶ್ರೀಲಂಕಾದಿಂದ ಬೇರೆ ಕೊಚಿನೀಲ್ ಹುಳ ತಂದು ಬಿಟ್ಟ ಮೇಲೆ ಕೆಲವೇ ವರ್ಷದಲ್ಲಿ ಅದೂ ಕರಗಿತು. ಕ್ಲೆಂಟಮಿನೇಟರ್ ಗನ್ ಹಿಡಿದು ಹಸಿರು ದ್ರಾವಣ ಸಿಂಪಡಿಸಿದಂಗ.

ಜಾಲಿಗೆ ಯಾಕ ಹಂಗ ಮಾಡಬಾರದು ಅಂತೀರೇನು? ಒಂದು ಮಾತು ಕೇಳ್ರಿ. ಗೇಮ್‌ನಾಗ ಹ್ಯಾಲೋ ಅಂತ ಒಂದು ಬಯೋಮ್ ಅದ. ಹಬ್ಬೋದು ಅದೂ ಹಬ್ಬುತ್ತದೆ, ಆದರೆ ಅಲ್ಲಿ ಯೂನಿಕಾರ್ನ್, ಕಾಮನಬಿಲ್ಲು, ಬೇಕಾದ ಸಾಮಾನು ಎಲ್ಲಾ ಸಿಗ್ತದ, ಪೂರ್ತಿ ಅಳಿಸಲಿಕ್ಕೆ ಮನಸ್ಸು ಬರೋದಿಲ್ಲ. ಜಾಲಿ ಹಂಗ. ಹೊಲ ಇಲ್ಲದ ಮನೆಯ ಒಲೆ ಉರಿಯೋದು ಅದರಿಂದ, ಇದ್ದಲು ಸುಟ್ಟು ಬದುಕೋರು ಅದಾರ, ಬ್ಯಾಸಗಿಯಾಗ ಆಡಿಗೆ ಅದರ ಕಾಯಿ. ಹೊಲ ಇದ್ದವನಿಗೆ ಅದು ಶತ್ರು, ಇಲ್ಲದವಳಿಗೆ ಅದೇ ಗ್ಯಾಸ್ ಸಿಲಿಂಡರ್. "ಎಲ್ಲಾ ಕಿತ್ತು ಹಾಕ್ರಿ" ಅನ್ನೋ ಪೋಸ್ಟ್ ಲೈಕ್ ಮಾಡೋ ಮೊದಲು ಆಕಿನ್ನ ಕೇಳಿದವರು ಯಾರು?

ಭಾಗ 7/8

ಕಾಂಗ್ರೆಸ್ ಗಿಡದ್ದು ಬಹಳ ಹೇಳೋದಿಲ್ಲ, ಎಲ್ಲರಿಗೂ ಗೊತ್ತು, ಮೈ ತುರಿಕೆ ಸಹಿತ. ನಮ್ಮ ದೇಶದಲ್ಲಿ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದಿಂದ ತಂದ ಜೀರುಂಡೆ ಬಿಟ್ಟರು, ಅದು ಎಲೆ ತಿನ್ನಲು ಹತ್ತಿತು. ಕೆಲವು ವರ್ಷದ ಮೇಲೆ ಜೀರುಂಡೆ ಸೂರ್ಯಕಾಂತಿ ಎಲೆ ಮೇಲೆ ಕಂಡಿತು. ದೊಡ್ಡ ಗದ್ದಲ. ಕೇಂದ್ರ ಸರಕಾರ ಸಮಿತಿ ಮಾಡಿತು, ಸೂರ್ಯಕಾಂತಿಗೆ ಹೇಳಿಕೊಳ್ಳುವಂಥ ಅಪಾಯ ಇಲ್ಲ ಅಂತ ಆಮೇಲೆ ತೀರ್ಮಾನವಾಯಿತು. ಟೆರೇರಿಯಾದಾಗ ಸೂರ್ಯಕಾಂತಿ ನೆಟ್ಟ ಜಾಗಕ್ಕ ಕೆಟ್ಟ ಹುಲ್ಲು ಬರೋದಿಲ್ಲ. ಇಲ್ಲಿ ನೋಡಿದ್ರ ಸೂರ್ಯಕಾಂತಿಯನ್ನೇ ಕಾಯಬೇಕಾದ ಪರಿಸ್ಥಿತಿ!

ಭಾಗ 8/8

ಈಗ ಕಂದಕಕ್ಕ ಬರೋಣ. ಸವಳಿಗೆ ಮದ್ದು ಕೂಡ ಅಗೆಯೋದೇ. ಅದರ ಹೆಸರು ಬಸಿಗಾಲುವೆ.

ಕಾಲುವೆ ನೀರು ತರ್ತದ, ಬಸಿಗಾಲುವೆ ಹೆಚ್ಚಾದ ನೀರನ್ನ ಹೊರಗ ಹಾಕ್ತದ. ತಗ್ಗಿನಲ್ಲಿ ತೆರೆದ ಕಾಲುವೆ ತೋಡಬಹುದು. ಇಲ್ಲದಿದ್ದರೆ ಸುಮಾರು ಒಂದು ಮೀಟರ್ ಆಳದಲ್ಲಿ ತೂತಿನ ಪ್ಲಾಸ್ಟಿಕ್ ಪೈಪ್‌ಗಳನ್ನು ಸಾಲಾಗಿ ಹೂಳುತ್ತಾರೆ. ಮೇಲೆ ಒಳ್ಳೆಯ ನೀರು ನಿಲ್ಲಿಸಿದರೆ ಅದು ಉಪ್ಪನ್ನು ತೊಳೆದು ಪೈಪಿಗೆ ಇಳಿಯುತ್ತದೆ. ಕ್ಷಾರ ಹೆಚ್ಚಾದ ಮಣ್ಣಿಗೆ ಜಿಪ್ಸಮ್ ಹಾಕಬೇಕು, ಅದರ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಬಿಡಿಸುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ನಡೆದಿದೆ. ಆ ಕೇಂದ್ರ ಈಗ ನಮ್ಮ ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದು.

ಹಂಗಾದ್ರ ತೊಡಕು ಎಲ್ಲದ? ಟೆರೇರಿಯಾದಾಗ ಒಬ್ಬನೇ ಕುಂತು ಜಗತ್ತಿನ ಉದ್ದಕ್ಕೂ ಅಗೀಬಹುದು. ಇಲ್ಲಿ ನಿಮ್ಮ ಹೊಲದ ಪೈಪು ಮುಗಿಯೋದು ಪಕ್ಕದವರ ಹೊಲದಲ್ಲಿ. ಅಲ್ಲಿಂದ ಇನ್ನೊಬ್ಬರದು, ಆಮೇಲೆ ಹಳ್ಳ. ನಡುವೆ ಒಬ್ಬ ಒಲ್ಲೆ ಅಂದರೆ ಮೇಲಿನ ಹತ್ತು ಹೊಲದ ಕೆಲಸ ನಿಲ್ಲುತ್ತದೆ. ತೋಡಿದ ಬಸಿಗಾಲುವೆಯಲ್ಲಿ ಹೂಳು, ಆಪು, ಜಾಲಿ ತುಂಬಿದರೂ ಅಷ್ಟೇ, ನೀರು ಹಿಂದಕ್ಕೆ ಬಂದು ನಿಲ್ಲುತ್ತದೆ. ಎರಡು ಗುಂಟೆ ಉಳಿಸಲಿಕ್ಕೆ ಬಸಿಗಾಲುವೆ ಮುಚ್ಚಿ ಉತ್ತವರೂ ಅದಾರ.

ಇನ್ನೂ ಒಂದು. ಗೇಮ್‌ನಲ್ಲಿ ಶುದ್ಧ ಮಾಡಿದ ಬ್ಲಾಕಿನ ಕೆಡುಕು ಮಾಯವಾಗುತ್ತದೆ. ಇಲ್ಲಿ ತೊಳೆದ ಉಪ್ಪು ಹಳ್ಳಕ್ಕೆ ಹೋಗ್ತದ, ಹಳ್ಳದಿಂದ ನದಿಗೆ. ಅದೇ ಹಳ್ಳಕ್ಕೆ ಪಂಪ್ ಇಟ್ಟು ನೀರು ಎತ್ತೋರು ಕೊನೆಭಾಗದ ರೈತರು, ಯಾಕಂದ್ರ ಅವರ ಕಾಲುವೆಗೆ ನೀರೇ ಬಂದಿರೋದಿಲ್ಲ. ಮೇಲಿನವನ ಉಪ್ಪು ಕೆಳಗಿನವನ ಹೊಲಕ್ಕ. ಮೇಲೆ ನೀರು ಕಡಿಮೆ ಬಳಸದೆ ಬರೀ ಪೈಪ್ ಹೂಳೋದು ಪೂರ್ತಿ ಉತ್ತರ ಅಂತ ನನಗನ್ನಿಸೋದಿಲ್ಲ.

ನಿಮ್ಮ ಹೊಲದ ಹತ್ತಿರದ ಬಸಿಗಾಲುವೆ ಯಾವ ಹಳ್ಳಕ್ಕ ಸೇರ್ತದ? ಮನ್ಯಾಗ ಅಪ್ಪನ್ನ, ಅಜ್ಜನ್ನ ಕೇಳ್ರಿ. ಮೊದಲು ಅಲ್ಲಿ ಏನು ಬೆಳೀತಿದ್ರು ಅಂತನೂ ಕೇಳ್ರಿ. ಊರ ಹೆಸರು, ಹಳ್ಳದ ಹೆಸರು ಕಮೆಂಟ್‌ನಾಗ ಹಾಕ್ರಿ, ಬಾಗಲವಾಡದಿಂದ ಶುರು ಮಾಡಿ ಒಂದು ನಕ್ಷೆ ಬರೀತೀನಿ.

#ಸವಳುಜವಳು #ಬಳ್ಳಾರಿಜಾಲಿ #ಟೆರೇರಿಯಾ #ಬಾಗಲವಾಡ #ನಮ್ಮರಾಯಚೂರು