ಕಾಲುವಿ ದಂಡಿ ಯಾಕ ಅಷ್ಟು ಸಪಾಟ?

ಮಂಗಳೂರಾಗ ನೌಕರಿ ಮಾಡೋ ನಮ್ಮ ನಾದ್ನಿ ಮಗಳು ಫೋನ್ ಮಾಡಿದಾಗೆಲ್ಲ ಪಣಂಬೂರು ಬೀಚಿನ ಮಾತೇ ತಗೀತಾಳ. ಹಸಿ ಉಸುಕಿನ ಮ್ಯಾಲ ಎಷ್ಟು ದೂರ ಬೇಕಾದ್ರೂ ನಡೀಬಹುದಂತ, ಓಡಾವ್ರು ಓಡ್ತಾರಂತ, ಏರಿಲ್ಲ ಇಳಿವಿಲ್ಲ, ಮೊಣಕಾಲಿಗೆ ತ್ರಾಸಿಲ್ಲಂತ. "ಅತ್ತಿ, ನಿಮ್ಮ ಕಡಿ ಏನೈತಿ?" ಅಂತ ಕೇಳಿದ್ಲು. ನಮ್ಮ ಕಡಿ ಕಾಲುವಿ ದಂಡಿ ಐತಲ್ಲವಾ, ಅಂದೆ. ನಕ್ಕಳು. ನಗಲಿ ಬಿಡ್ರಿ. ಆದ್ರ ಆ ದಂಡಿಗೆ ಒಂದು ಕಥಿ ಐತಿ. ದಿನಾ ಅದರ ಮ್ಯಾಲ ನಡಿಯೋ ನಮಗೇ ಅದು ಪೂರಾ ಗೊತ್ತಿಲ್ಲ ಅನಸ್ತು, ಅದಕ್ಕ ಬರ್ಯಾಕ ಕುಂತೀನಿ.

ಮೊದಲು ಒಂದು ಮಾತು. ಆ ದಾರಿ ನಮಗಂತ ಮಾಡಿದ್ದಲ್ಲ, ನೀರಿಗಂತ ಮಾಡಿದ್ದು. ನೀರಿಗೆ ಕಾಲಿಲ್ಲ, ತಾನಾಗೇ ಹರೀಬೇಕು. ಏರು ಬಂದ್ರ ನಿಂತುಬಿಡತೈತಿ, ಇಳಿವು ಜಾಸ್ತಿಯಾದ್ರ ಮಣ್ಣು ಕೊರಕೊಂಡು ಹೋಗತೈತಿ. ಅದಕ್ಕ ಇಂಜಿನಿಯರು ನೆಲದ ಎತ್ತರ ಅಳದು, ಕಣ್ಣಿಗೆ ಕಾಣದಷ್ಟು ಇಳಿಜಾರು ಇಟ್ಟು, ಒಂದೇ ಎತ್ತರದ ಗೆರಿ ಹಿಡಕೊಂಡು ಹೊಂಟಾರ. ಗುಡ್ಡ ಅಡ್ಡ ಬಂದ್ರ ಕಾಲುವಿ ಸುತ್ತು ಹಾಕತೈತಿ, ಹಳ್ಳ ಬಂದ್ರ ಮ್ಯಾಲಿಂದ ದಾಟತೈತಿ. ಅದರ ಬಾಜೂಕ ಗ್ಯಾಂಗ್‌ಮನ್ನು, ಸಾಹೇಬರ ಜೀಪು ಓಡ್ಯಾಡಾಕ ಗರಸು ಹಾಕಿ ತುಳಿಸಿದ ದಾರಿ. ನೀರಿಗೆ ಸಪಾಟ ಆದದ್ದು ನಮ್ಮ ಮೊಣಕಾಲಿಗೂ ಸಪಾಟ ಆತು.

ತುಂಗಭದ್ರಾ ನೀರು ತಿರುಗಿಸಬೇಕು ಅನ್ನೋ ವಿಚಾರ 1860ರಷ್ಟು ಹಳೇದು. ಸರ್ ಆರ್ಥರ್ ಕಾಟನ್ ಅನ್ನೋ ಇಂಜಿನಿಯರ್ ಹೇಳಿದ್ದು. ಆದ್ರ ಹೊಳಿ ಆಚಿ ಮದ್ರಾಸಿನವರದು, ಈಚಿ ನಿಜಾಮರದು. ಇಬ್ಬರೂ ಕೂಡಿ ಅಡಿಗಲ್ಲು ಹಾಕೋದ್ರಾಗ 1945 ಬಂತು. ಹಾಕಿದ್ದೂ ಎರಡು ದಂಡಿಯಾಗ ಬ್ಯಾರೆ ಬ್ಯಾರೆ ಅಡಿಗಲ್ಲು. ಒಂದು ಮನಿಯಾಗ ಎರಡು ಒಲಿ ಇದ್ದಂಗ! ಕಟ್ಟಾಕತ್ತಿದಾಗಲೇ ನಿಜಾಮರ ರಾಜ್ಯ ಹೋತು, 1953ರಾಗ ಎಡದಂಡಿ ಕಾಲುವಿಗೆ ನೀರು ಬಿಟ್ಟರು. ಮುಂದ 1956ರಾಗ ನಮ್ಮ ರಾಯಚೂರು ಜಿಲ್ಲಾ ಮೈಸೂರು ರಾಜ್ಯಕ್ಕ ಸೇರ್ತು. ಕಾಲುವಿ ಉದ್ದ 227 ಕಿಲೋಮೀಟರ್, ಅಂದ್ರ 141 ಮೈಲು. ಮೈಲು ಯಾಕ ಹೇಳಿದೆ ಅಂದ್ರ, ಇವತ್ತಿಗೂ ಪೇಪರಿನಾಗ "69ನೇ ಮೈಲಿನಾಗ ಗೇಜ್ ಕಡಿಮಿ" ಅಂತನೇ ಬರತೈತಿ. ದೇಶಕ್ಕೆಲ್ಲ ಕಿಲೋಮೀಟರ್ ಬರೋಕಿಂತ ಮೊದಲು ತೋಡಿದ್ದು, ಹಂಗಾಗಿ ಕಾಲುವಿಯಾಗ ಮೈಲೇ ಉಳಕೊಂಡೈತಿ.

ಅದಕ್ಕೂ ಮೊದಲು ನಮ್ಮ ಕಡಿ ನಡಿಯೋದು ಅಂದ್ರ ಹೆಂಗಿತ್ತು ಅಂತೀರಿ? ಎರಿ ಭೂಮಿ. ಮಳಿ ಬಿದ್ದ ಮರುದಿನ ಹೊಲಕ್ಕ ಹೋದ್ರ ಒಂದೊಂದು ಕಾಲಿಗೆ ಸೇರುಗಟ್ಟಲೆ ಮಣ್ಣು. ಕಡ್ಡಿಲೆ ಕೆರಕೊಂಡು ಮತ್ತ ನಾಕು ಹೆಜ್ಜಿ, ಮತ್ತ ಕೆರಕೋಬೇಕು. ಲಿಂಗಸೂಗೂರಾಗ ಛಾವಣಿ ಇತ್ತು, 1905ರ ತನಕ ಅದೇ ಒಂದು ಜಿಲ್ಲಾ ಆಗಿತ್ತು. ಅಲ್ಲಿಗೆ ದಾರಿ ಇದ್ದವು ಖರೆ, ಆದ್ರ ಅವು ದಂಡಿನವರಿಗೆ, ಕಚೇರಿಗೆ ಹೋಗೋರಿಗೆ. ಮಸ್ಕಿಯಾಗ ನೋಡ್ರಿ, ಅಶೋಕನ ಕಾಲಕ್ಕ, ಅಂದ್ರ ಎರಡು ಸಾವಿರದ ಎರಡುನೂರು ವರ್ಷಕ್ಕಿಂತ ಹಿಂದ, ಬಂಡಿಗಲ್ಲಿನ ಮ್ಯಾಲ ಅಕ್ಷರ ಕೊರಸ್ಯಾರ. ಬಂದು ಹೋಗೋ ಮಂದಿ ಇರಲಾರದ ಜಾಗದಾಗ ಯಾರಾರ ಹಂಗ ಬರಸ್ತಾರೇನು? ಬಂಗಾರ ಹುಡುಕಾಕ ಬಂದಿದ್ದ ಬೀಡನ್ ಅನ್ನೋ ಇಂಜಿನಿಯರ್ 1915ರಾಗ ಅದನ್ನ ಕಂಡ. ಅಲ್ಲೀತನಕ ಸಿಕ್ಕಿದ್ದ ಶಾಸನದಾಗೆಲ್ಲ ರಾಜನ ಬಿರುದಷ್ಟೇ ಇತ್ತು, ಅಶೋಕ ಅಂತ ಹೆಸರು ಸಿಕ್ಕಿದ್ದು ನಮ್ಮ ಮಸ್ಕಿಯಾಗ. ದೊಡ್ಡವರಿಗೆ ಅಷ್ಟೇ ಅಲ್ಲ, ಸಣ್ಣವರಿಗೂ ಒಳ್ಳೇದು ಸಾಧಿಸಾಕ ಬರತೈತಿ ಅಂತ ಅದರಾಗ ಐತಿ. ನೋಡಾಕ ಹೋಗೋರು ಗುಡ್ಡ ಹತ್ತಬೇಕು. ಸಪಾಟ ಅಲ್ಲ.

ಹೆಣ್ಣುಮಕ್ಕಳ ನಡಿಗಿ ಕಥಿ ಬ್ಯಾರೆನೇ. ನಮ್ಮತ್ತಿ ಕಾಲಕ್ಕ ಹೆಂಗಸು ದಾರಿ ಮ್ಯಾಲ ಹೊಂಟಾಳ ಅಂದ್ರ ತಲಿಮ್ಯಾಲ ಕೊಡ ಇರಬೇಕು, ಇಲ್ಲಾ ಬುತ್ತಿ, ಇಲ್ಲಾ ಕಟಗಿ ಹೊರಿ. ಬರಿಗೈಲೆ ಹೊಂಟ್ರ "ಎಲ್ಲಿಗೆ ಹೊಂಟೆವಾ?" ಅಂತ ಹತ್ತು ಮಂದಿ ಕೇಳ್ತಿದ್ರು. ಗೆಳತೇರ ಕೂಡ ನಾಕು ಮಾತಾಡಿಕೋತ ನಡಿಯೋದು ಅಂದ್ರ ನಸುಕಿನಾಗ ತಂಬಿಗಿ ಹಿಡಕೊಂಡು ಬಯಲಿಗೆ ಹೋಗೋದೊಂದೇ. ಅದನ್ನ ಬರೀಬಾರದು ಅಂತೀರೇನೋ, ಆದ್ರ ಅದೂ ನಮ್ಮ ಇತಿಹಾಸನೇ. ಎಷ್ಟು ಹೆಣ್ಣುಮಕ್ಕಳ ಸುಖ-ದುಃಖ ಆ ಕತ್ತಲಾಗ ಹಂಚಿಕೊಂಡದ್ದು. ಈಗ ಮನಿಗೊಂದು ಪಾಯಖಾನಿ ಬಂದಾವು, ಅದು ಚಲೋನೇ ಆತು. ಆ ಮಾತುಕತಿ ಜಾಗ ಬದಲಾಸಿ ಕಾಲುವಿ ದಂಡಿಗೆ ಬಂದೈತಿ.

ನೀರಿನ ಹಿಂದಿಂದ ಮಂದಿ ಬಂದ್ರು. ಗೋದಾವರಿ, ಕೃಷ್ಣಾ ಸಮುದ್ರ ಸೇರೋ ಕಡಿಯಿಂದ ಆಂಧ್ರದವರು ಬಂದು ಹೊಲ ಕೊಂಡು, ಮಡಿ ಕಟ್ಟಿ ನೆಲ್ಲು ಹಚ್ಚಿದರು, ಕ್ಯಾಂಪ್ ಮಾಡಿದ್ರು. ಅವರ ಊರಾಗ ಅದೇ ಕಾಟನ್ ಸಾಹೇಬ ಮಾಡಿಸಿದ ಕಾಲುವಿ ಮೊದಲಿಂದ ಇದ್ದವು, ಹಂಗಾಗಿ ಕಾಲುವಿ ನೀರಿನ ಬೇಸಾಯ ಅವರಿಗೆ ಹೊಸಾದಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ಮಂದಿನ್ನ ಸರಕಾರ ಸಿಂಧನೂರು ಕಡಿ ಆರ್.ಎಚ್. ಕ್ಯಾಂಪಿನಾಗ ಇಟ್ಟಿತು. ಜ್ವಾಳದ ರೊಟ್ಟಿ ತಿನ್ನೋ ನಾವು ಮೂರು ಹೊತ್ತು ಅನ್ನಕ್ಕ ಬಿದ್ವಿ. "ಕಾಲುವಿ ಬಂದು ಅನ್ನ ತಂತು, ಅನ್ನ ಶುಗರ್ ತಂತು, ಈಗ ಶುಗರ್ ಇಳಸಾಕ ಮತ್ತ ಕಾಲುವಿಗೇ ಹೊಂಟ್ರಿ" ಅಂತ ನಮ್ಮತ್ತಿ ನಗಸ್ತಿದ್ಲು. ಡಾಕ್ಟರು ಒಪ್ಪತಾರೋ ಇಲ್ಲೋ, ನಮ್ಮ ಓಣಿಯಾಗ ಎಲ್ಲಾರೂ ಒಪ್ಪತಾರ.

ಇಷ್ಟು ಬರದ ಮ್ಯಾಲ, ನನ್ನ ಮನಸಿನಾಗ ಕೊರಿಯೋದು ಹೇಳ್ತೀನಿ. ನನ್ನ ಗಂಡನ ಮನಿ ಸಿಂಧನೂರು ಕಡಿ, ಕಾಲುವಿ ಕೆಳಗ. ತವರುಮನಿ ಮಸ್ಕಿ ಆಚಿ, ಲಿಂಗಸೂಗೂರು ದಾರಿಗೆ, ಕಾಲುವಿ ಮ್ಯಾಲ. ನೀರು ಹರಿಯೋ ದಿಕ್ಕಿಗೆ ಮುಖ ಮಾಡಿ ನಡದ್ರ ಬಲಕ್ಕ ಹಸರು ನೆಲ್ಲು, ಎಡಕ್ಕ ಮಳಿ ದಾರಿ ಕಾಯೋ ತೊಗರಿ, ಸಜ್ಜಿ. ನಡುವ ನಾವು ನಡಿಯೋ ಸಪಾಟ ದಾರಿ. ನೀರು ಏರಾಂಗಿಲ್ಲ, ಇಳಿತೈತಿ ಅಷ್ಟೇ. ಹಂಗಾಗಿ ಇಂಜಿನಿಯರು ಎಲ್ಲಿ ಗೆರಿ ಹಿಡದ್ರೋ ಅಲ್ಲಿಗೆ ಊರಿನ ಹಣೆಬರಾನೂ ಬರದಂಗ ಆತು. ಬಲಕಿನ ಊರಿಗೆ ಸುಗ್ಗಿಗೆ ಕೂಲಿಯವರು ಬೇಕು, ಎಡಕಿನ ಊರಿಂದ ಗಂಟುಮೂಟಿ ಕಟಗೊಂಡು ಬೆಂಗಳೂರಿಗೆ ಹೋಗ್ತಾರ. ನನ್ನ ಅಣ್ಣನ ಮಕ್ಕಳೂ ಹೋಗ್ಯಾರ. ನನಗ ಹೆಣ್ಣು ನೋಡಾಕ ಬಂದಾಗ ನಮ್ಮಪ್ಪ ಕೇಳಿದ್ದು ಒಂದೇ ಮಾತು, "ಹೊಲ ಕಾಲುವಿ ಕೆಳಗೈತೋ, ಮ್ಯಾಲೈತೋ?" ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಾಗ ಕೃಷ್ಣಾ ನೀರಿನ 5ಎ ಕಾಲುವಿ ಬೇಕಂತ ರೈತರು ದಿನಗಟ್ಟಲೆ ಧರಣಿ ಕುಂತದ್ದು ಇದೇ ಸಂಕಟಕ್ಕ. ಅವರು ಕೇಳೋದು ಹೆಚ್ಚಿಂದಲ್ಲ ಅಂತ ನನಗ ಅನಸತೈತಿ. ನಮ್ಮ ಕಡಿಯವರು ಕೆಲವರು ಅವರ ಮ್ಯಾಲ ಸಿಟ್ಟಾಗ್ತಾರ. ಆಗಬಾರದು.

ಕೆಳಗಿದ್ದವರಿಗೂ ಭರವಸಾ ಏನಿಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಹರಕೊಂಡು ಗೇಟೇ ಕೊಚ್ಚಿಕೊಂಡು ಹೋತಲ್ಲ, ಆ ವಾರ ದಂಡಿ ಮ್ಯಾಲ ಬ್ಯಾರೆ ಮಾತೇ ಇರಲಿಲ್ಲ. ಕಾಲುವಿಯಾಗ ನೀರು ಹೊಂಟಿತ್ತು, ಆದ್ರ ಎಲ್ಲಾರ ಲೆಕ್ಕ ಒಂದೇ, ಇನ್ನೆಷ್ಟು ದಿನ? ತಾತ್ಕಾಲಿಕ ಗೇಟು ಕುಂದ್ರಸಿದ ಸುದ್ದಿ ಟೀವಿಯಾಗ ನೋಡಿ ನಮ್ಮ ಬಾಜೂ ಮನಿ ಅಕ್ಕ ಸಕ್ಕರಿ ಹಂಚಿದ್ಲು. ನೀರು ಕಡಿಮಿ ಆದ ವರ್ಷ ಕೊನಿ ಭಾಗದವರಿಗೆ ಮುಟ್ಟಲಿ ಅಂತ, ಪಂಪ್‌ಸೆಟ್ ಹಚ್ಚಾವ್ರನ್ನ ತಡ್ಯಾಕ ದಂಡಿ ಮ್ಯಾಲ ನಿಷೇಧಾಜ್ಞೆ ಹಾಕ್ತಾರ. ಆವಾಗ ವಾಕಿಂಗ್ ಹೋದವರನ್ನೂ "ಯಾಕ ಬಂದ್ರಿ?" ಅಂತಾರ. ಬರಿಗೈಲೆ ಹೊಂಟೀವಿ ಅಂದ್ರೂ ನಂಬಾಂಗಿಲ್ಲ. ನಮ್ಮತ್ತಿ ಕಾಲದ ಮಾತೇ ಮತ್ತ!

ಹೊಸದಾಗಿ ಹೋಗೋ ತಂಗಿಯರಿಗೆ: ಜುಲೈ ಮುಗಿಯೋದ್ರಾಗ ನೀರು ಬಂದ ಮ್ಯಾಲ ತಂಪಿರತೈತಿ, ಬೆಳಕು ಹರದ ಮ್ಯಾಲ ಹೋಗ್ರಿ, ಒಬ್ಬಾಕಿ ಬ್ಯಾಡ. ಹೊಲದ ಕಡಿ ಮಗ್ಗಲಿಗೆ ನಡೀರಿ. ಟ್ರ್ಯಾಕ್ಟರ್ ಬಂದ್ರ ನಿಂತು ದಾರಿ ಬಿಡ್ರಿ, ನೀರಿನ ಕಡಿ ಸರೀಬ್ಯಾಡ್ರಿ. ಕಾಲು ತೊಳ್ಯಾಕಂತ ಸಿಮೆಂಟಿನ ಇಳಿಜಾರಿಗೆ ಇಳೀಲೇಬ್ಯಾಡ್ರಿ. ಪಾಚಿ ಹಿಡದಿರತೈತಿ, ಜಾರಿದ್ರ ಹಿಡಕೊಳ್ಳಾಕ ಏನೂ ಸಿಗಾಂಗಿಲ್ಲ. ಬಟ್ಟಿ ಒಗ್ಯಾಕ ಮೆಟ್ಟಲ ಇದ್ದಲ್ಲಿ ಅಷ್ಟೇ ಇಳೀರಿ. ಏಪ್ರಿಲ್ ಬಂದ್ರ ನೀರು ನಿಲ್ಲಸ್ತಾರ, ಬಿಸಲೂ ಏರತೈತಿ. ಆವಾಗ ನಾವು ಊರಾಗಿನ ಸಾಲಿ ಮೈದಾನಕ್ಕ ಹೋಗ್ತೀವಿ.