ಜಮಖಂಡಿಯಲ್ಲಿ ಕಂಡ ಮೂರು ಗೆರೆಗಳು

ಒಂದು ತಪ್ಪೊಪ್ಪಿಗೆಯಿಂದ ಈ ಮಾತನ್ನು ಆರಂಭಿಸಬೇಕಾಗಿದೆ. ಬಹಳ ವರ್ಷಗಳ ಹಿಂದೆ, ನಾನಿನ್ನೂ ಹೊಸದಾಗಿ ಪಾಠ ಹೇಳತೊಡಗಿದ್ದ ಕಾಲದಲ್ಲಿ, ಜಮಖಂಡಿಯ ಒಂದು ಸಮಾರಂಭದಲ್ಲಿ ತುಂಬು ಅಭಿಮಾನದಿಂದ ಹೀಗೆಂದಿದ್ದೆ: "ಹೀಲಿಯಂ ಎಂಬ ಅನಿಲವನ್ನು ಜಗತ್ತು ಮೊದಲು ಕಂಡದ್ದು ನಮ್ಮೂರಿನಲ್ಲಿ." ಸಭೆ ಚಪ್ಪಾಳೆ ತಟ್ಟಿತು. ಮನೆಗೆ ಬಂದ ಮೇಲೆ, ಯಾವ ವರದಿಯ ಆಧಾರದಿಂದ ಆ ಮಾತು ಹೇಳಿದ್ದೆನೋ ಆ ವರದಿಯನ್ನೇ ಮೊದಲಿನಿಂದ ಕೊನೆಯವರೆಗೆ ಓದಿದೆ. ನಾನು ಹೇಳಿದ್ದು ನಿಜವಾಗಿರಲಿಲ್ಲ. ನಿಜವಾದುದು ಅದಕ್ಕಿಂತ ಚೆನ್ನಾಗಿತ್ತು. ಆ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ಇಂದು ಒದಗಿದೆ.

ಗ್ರಹಣವೆಂದರೆ ನಮ್ಮ ಸೀಮೆಯಲ್ಲಿ ಬಾಗಿಲು ಹಾಕಿಕೊಳ್ಳುವ ಹೊತ್ತು. 1980ರ ಫೆಬ್ರುವರಿ 16ರ ಮಧ್ಯಾಹ್ನ ಅಂಕೋಲೆಯಿಂದ ರಾಯಚೂರಿನತ್ತ ಸಾಗಿದ ಪಟ್ಟಿಯಲ್ಲಿ ಸೂರ್ಯ ಪೂರ್ತಿ ಮುಚ್ಚಿದಾಗ, ನಮ್ಮಲ್ಲಿ ಅದು ಖಗ್ರಾಸವಲ್ಲದಿದ್ದರೂ ಪೇಟೆಯ ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಆಗ ನಾನು ಹೈಸ್ಕೂಲಿನ ಹುಡುಗ. "ಗ್ರಹಣ ಬಿಡೂತನಕ ಹೊರಗ ಕಾಲಿಡಬ್ಯಾಡ" ಎಂದು ಅವ್ವ ತಾಕೀತು ಮಾಡಿದ್ದಳು. ನೀರಿನ ಕೊಡಗಳ ಮೇಲೆ ಗರಿಕೆ ಬಿದ್ದಿತ್ತು. ಸುಮಾರು ನೂರಾಹನ್ನೆರಡು ವರ್ಷಗಳ ಹಿಂದೆ ಇದೇ ಊರಿನಲ್ಲಿ ಒಬ್ಬನು ಇಂಥದೇ ಗ್ರಹಣಕ್ಕೆ ಕಣ್ಣು ಒಡ್ಡಿಕೊಂಡು ಕುಳಿತಿದ್ದನೆಂಬ ಸಂಗತಿ ಆಗ ನನಗೆ ತಿಳಿದಿರಲಿಲ್ಲ.

ಅವನು ಕೇಳಲು ಬಂದ ಪ್ರಶ್ನೆ ಮೇಲುನೋಟಕ್ಕೆ ಶಾಲೆಯ ಮೊದಲ ಪಾಠದ್ದು: ಈ ವಸ್ತು ಘನವೋ, ದ್ರವವೋ, ಅನಿಲವೋ? ಮುಧೋಳದ ಕಡೆಯ ಗಾಣದ ಮನೆಯಲ್ಲಿ ಕುಳಿತವರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತದೆ. ಅದರ ನೀರು ಉಗಿಯಾಗಿ ಮಾಡು ಸೇರುತ್ತದೆ. ಉಳಿದ ಪಾಕ ಅಚ್ಚಿಗೆ ಬಿದ್ದು ಬೆಲ್ಲವಾಗಿ ಗಟ್ಟಿಗೊಳ್ಳುತ್ತದೆ. ದ್ರವ, ಅನಿಲ, ಘನ ಮೂರೂ ಒಂದೇ ಸೂರಿನಡಿ ಇವೆ. ಪಾಕ ನೋಡುವವನು ಒಂದು ಹನಿಯನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಹದ ಬಂತೋ ಇಲ್ಲವೋ ಹೇಳಬಲ್ಲ. ಆದರೆ ಕೈಗೆಟುಕದ ವಸ್ತುವಿನ ಹದವನ್ನು ನೋಡುವುದು ಹೇಗೆ? ಒಂಬತ್ತು ಕೋಟಿ ಮೈಲು ದೂರದ ಸೂರ್ಯನನ್ನು ಯಾವ ಬೆರಳಿನಿಂದ ಮುಟ್ಟುವುದು?

ಖಗ್ರಾಸ ಗ್ರಹಣದಲ್ಲಿ ಚಂದ್ರನ ಕಪ್ಪು ಬಿಂಬದ ಅಂಚಿನಿಂದ ಕೆಂಪು ನಾಲಗೆಗಳಂಥವು ಚಾಚಿಕೊಂಡು ಕಾಣುತ್ತವೆ. ಇವು ಚಂದ್ರನವೋ ಸೂರ್ಯನವೋ ಎಂಬುದೇ ಬಹುಕಾಲ ವಿವಾದವಾಗಿತ್ತು. 1860ರಲ್ಲಿ ಸ್ಪೇನಿನಲ್ಲಿ ಕಂಡ ಗ್ರಹಣದ ಛಾಯಾಚಿತ್ರಗಳು ಇವು ಸೂರ್ಯನವೇ ಎಂದು ತೀರ್ಮಾನಿಸಿದವು. ಆದರೆ ಅವು ಏನು? ಉರಿಯುವ ಪರ್ವತಗಳೆ? ಕಾದ ಹನಿಗಳ ಮೋಡಗಳೆ? ಬರಿಯ ಅನಿಲವೆ? ಚಿತ್ರ ನೋಡಿ ಇದನ್ನು ಹೇಳುವಂತಿರಲಿಲ್ಲ.

ಉತ್ತರದ ಕೀಲಿಕೈ ಅಷ್ಟರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಸಿದ್ಧವಾಗಿತ್ತು. ಕಿರ್ಖಾಫ್ ಮತ್ತು ಬುನ್ಸೆನ್ ಎಂಬ ಇಬ್ಬರು 1859ರಿಂದ ಮುಂದೆ ತೋರಿಸಿಕೊಟ್ಟ ನಿಯಮ ಸರಳವಾದುದು. ಕಮ್ಮಾರನ ಕುಲುಮೆಯಲ್ಲಿ ಬೆಳ್ಳಗೆ ಕಾದ ಕಬ್ಬಿಣದ ಬೆಳಕನ್ನು ಮೂರು ಮೂಲೆಯ ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ, ಕೆಂಪಿನಿಂದ ನೇರಿಳೆಯವರೆಗೆ ಎಲ್ಲ ಬಣ್ಣಗಳೂ ಎಡೆಬಿಡದೆ ಹಾಸಿದಂತೆ ಕಾಣುತ್ತವೆ. ಕಾದ ದ್ರವವೂ ಹಾಗೆಯೇ. ತೆಳುವಾದ ಅನಿಲ ಕಾದು ಬೆಳಗಿದರೆ ಹಾಗಲ್ಲ. ಕತ್ತಲೆಯ ಮೇಲೆ ಎಳೆದಂತೆ ಕೆಲವೇ ಬಣ್ಣದ ಗೆರೆಗಳು ಮೂಡುತ್ತವೆ. ಒಲೆಗೆ ಉಪ್ಪು ಬಿದ್ದಾಗ ಉರಿ ಹಳದಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ; ಅದು ಉಪ್ಪಿನೊಳಗಿನ ಸೋಡಿಯಂ ಆವಿಯಾಗಿ ಬೆಳಗುವ ಬಣ್ಣ. ಪ್ರತಿ ಮೂಲವಸ್ತುವಿಗೂ ತನ್ನದೇ ಗೆರೆಗಳುಂಟು. ಸೀರೆಯ ಅಂಚು ನೋಡಿ ಅದು ಎಲ್ಲಿಯ ಮಗ್ಗದ್ದೆಂದು ಬನಹಟ್ಟಿಯ ಹಳೆಯ ನೇಕಾರ ಗುರುತಿಸುವ ಹಾಗೆ, ಗೆರೆ ನೋಡಿ ವಸ್ತುವನ್ನು ಗುರುತಿಸಬಹುದು. ಬೆಳಕನ್ನು ಹೀಗೆ ಬಿಡಿಸಿ ತೋರಿಸುವ ಉಪಕರಣವೇ ರೋಹಿತದರ್ಶಕ.

ಈ ಉಪಕರಣ ಕೈಗೆ ಬಂದ ಮೇಲೆ ಒದಗಿದ ಮೊದಲ ದೊಡ್ಡ ಗ್ರಹಣವೆಂದರೆ 1868ರ ಆಗಸ್ಟ್ 18, ಮಂಗಳವಾರದ್ದು. ಅಂದು ಶ್ರಾವಣದ ಅಮಾವಾಸ್ಯೆ. ಚಂದ್ರನ ನೆರಳು ಏಡನ್ನಿನ ಮೇಲೆ ಹಾದು, ಅರಬ್ಬಿ ಸಮುದ್ರವನ್ನು ದಾಟಿ, ಕೊಂಕಣದಲ್ಲಿ ನೆಲವನ್ನು ಮುಟ್ಟಿ, ನಮ್ಮ ಕೃಷ್ಣಾತೀರದ ಬಯಲಿನ ಮೇಲಿಂದ ಗುಂಟೂರು, ಮಚಲೀಪಟ್ಟಣಗಳ ಕಡೆಗೆ ಸಾಗುವುದಿತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ ಎಲ್ಲವೂ ಆ ನೆರಳಿನ ಅಗಲದೊಳಗೇ ಇದ್ದವು. ಸಹ್ಯಾದ್ರಿಯ ಮಗ್ಗುಲಲ್ಲಿ ಆ ತಿಂಗಳು ಜಡಿಮಳೆ. ಇತ್ತ ಬಯಲುಸೀಮೆಯಲ್ಲಿ ಬಾನು ತೆರೆದೀತೆಂಬ ಆಸೆಗೆ ಎಡೆಯಿತ್ತು. ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್, ಗುಂಟೂರಿನಲ್ಲಿ ಮೇಜರ್ ಟೆನಂಟ್ ಮತ್ತು ಫ್ರಾನ್ಸಿನ ಜಾನ್ಸನ್, ಮಚಲೀಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ಪೋಗ್ಸನ್ ಕಾದು ನಿಂತರು. ಅದೇ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಹೈದರಾಬಾದು ಸಂಸ್ಥಾನದ ವನಪರ್ತಿಯಲ್ಲಿದ್ದರು. ಪಟವರ್ಧನ ಮನೆತನದ ಆಳ್ವಿಕೆಯಲ್ಲಿದ್ದ ಜಮಖಂಡಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಬಂದವನು ಲೆಫ್ಟಿನೆಂಟ್ ಜಾನ್ ಹರ್ಷಲ್.

ಹೆಸರು ಕೇಳಿದೊಡನೆ ವಂಶವೂ ನೆನಪಾಗುತ್ತದೆ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲ್ ಇವನ ತಾತ. ಆಫ್ರಿಕದ ದಕ್ಷಿಣ ತುದಿಗೆ ಹೋಗಿ ದಕ್ಷಿಣದ ಆಕಾಶವನ್ನೆಲ್ಲ ಅಳೆದ ಸರ್ ಜಾನ್ ಹರ್ಷಲ್ ಇವನ ತಂದೆ. ಮಗನಿಗಾಗ ಮೂವತ್ತರ ವಯಸ್ಸು. ಭಾರತದ ಮಹಾ ತ್ರಿಕೋಣಮಿತಿ ಸರ್ವೆಯಲ್ಲಿ ನೆಲ ಅಳೆಯುವ ಉದ್ಯೋಗ. ತಾತ, ತಂದೆ ಇಬ್ಬರ ಹೆಸರನ್ನೂ ಹೊತ್ತವನಿಗೆ ಆಕಾಶ ಕೊಟ್ಟ ವೇಳೆ ಸುಮಾರು ಐದು ನಿಮಿಷ ಮಾತ್ರ.

ಆ ಐದು ನಿಮಿಷವೂ ಪೂರ್ತಿ ದಕ್ಕಲಿಲ್ಲ. ಶ್ರಾವಣದ ಮೋಡಗಳು ಓಡಾಡುತ್ತಿದ್ದವು. ಜೊತೆಗಾರ ಕ್ಯಾಂಪ್‌ಬೆಲ್ ಸೂರ್ಯನ ಸುತ್ತಲಿನ ಬೆಳ್ಳಿಯಂಥ ಕಾಂತಿವಲಯವನ್ನು ಇನ್ನೊಂದು ಉಪಕರಣದಿಂದ ಪರೀಕ್ಷಿಸುತ್ತಿದ್ದ. ಹರ್ಷಲ್ ರೋಹಿತದರ್ಶಕಕ್ಕೆ ಕಣ್ಣಿಟ್ಟು ಮೋಡ ಸರಿಯುವುದನ್ನೇ ಕಾಯುತ್ತಿದ್ದ. ಊರಿನ ಜನ ಆ ಹೊತ್ತಿನಲ್ಲಿ ಜಪ, ಸ್ನಾನಗಳಲ್ಲಿ ತೊಡಗಿದ್ದರೆಂದು ಊಹಿಸಿದರೆ ತಪ್ಪಾಗಲಾರದು. ಬೆಳಗಿನ ಬಿಸಿಲೇರಬೇಕಾದ ವೇಳೆಯಲ್ಲಿ ಇರುಳಿಳಿಯಿತು. ಮೋಡದಲ್ಲಿ ಬಿರುಕು ತೆರೆಯಿತು. ಉಪಕರಣದ ಸೀಳುಗಂಡಿಯ ಮೇಲೆ ಸೂರ್ಯನ ಕೆಂಪು ನಾಲಗೆಯೊಂದು ಬಂದು ನಿಂತಿತು.

ಕಂಡದ್ದು ಮೂರು ಉಜ್ವಲವಾದ ಗೆರೆಗಳು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಅವುಗಳ ನಡುವೆ ಬಣ್ಣಗಳ ಹಾಸಿನ ಸುಳಿವೇ ಇರಲಿಲ್ಲ.

ಪ್ರಶ್ನೆ ಅಲ್ಲಿಗೆ ಮುಗಿಯಿತು. ಭೂಮಿಯಂಥ ಹಲವು ಗೋಳಗಳನ್ನು ಒಂದರ ಮೇಲೊಂದು ಪೇರಿಸಿದಷ್ಟು ಎತ್ತರದ ಆ ಜ್ವಾಲೆಗಳು ಪರ್ವತಗಳಲ್ಲ, ಹನಿಗಳ ಮೋಡಗಳಲ್ಲ; ಕಾದು ಬೆಳಗುವ ಅನಿಲ. ಅದೇ ದಿನ ಬಿಜಾಪುರ, ಗುಂಟೂರುಗಳಲ್ಲಿ ನಿಂತವರೂ, ದೂರದ ಸಯಾಮಿನಲ್ಲಿ ನಿಂತ ಫ್ರಾನ್ಸಿನ ರಯೆಯೂ ಗೆರೆಗಳನ್ನೇ ಕಂಡರು. ಇದೇ ತೀರ್ಪಿಗೆ ಬಂದರು. ಸಾಕ್ಷಿಗಳು ಹಲವರು, ಅವರಲ್ಲಿ ಜಮಖಂಡಿಯ ಸಾಕ್ಷಿ ಸ್ಪಷ್ಟವಾಗಿ ಮಾತಾಡಿದವರ ಸಾಲಿನದು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಆ ಕಿತ್ತಳೆಯ ಗೆರೆಯೇ ಹೀಲಿಯಂನದು. ಹರ್ಷಲ್ ಅದನ್ನು ಕಂಡ, ಅಳೆದ. ಆದರೆ ಅದು ಸೋಡಿಯಂನ ಗೆರೆಯೊಡನೆ ಕೂಡಿಬರುತ್ತದೆಂದು ಬರೆದ. ಎರಡೂ ಗೆರೆಗಳ ತರಂಗಾಂತರಗಳಿಗೆ ಇರುವ ವ್ಯತ್ಯಾಸ ಸುಮಾರು ಎರಡು ನ್ಯಾನೊಮೀಟರ್, ಎಂದರೆ ಒಂದು ಮೀಟರನ್ನು ಐವತ್ತು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಕೆಲವೇ ನಿಮಿಷಗಳ ಆ ಗಡಿಬಿಡಿಯಲ್ಲಿ ಅವನ ಅಳತೆ ಅಷ್ಟು ಸೂಕ್ಷ್ಮಕ್ಕೆ ಇಳಿಯಲಿಲ್ಲ. ನನ್ನ ಮನಸ್ಸನ್ನು ಹಿಡಿದದ್ದು ಅವನ ತಪ್ಪಲ್ಲ, ಆ ತಪ್ಪನ್ನು ಬರೆದ ರೀತಿ. ಎರಡೂ ಒಂದೇ ಎನ್ನುವಾಗ, ನನ್ನ ಉಪಕರಣ ಹೇಳಬಲ್ಲಷ್ಟರ ಮಟ್ಟಿಗೆ, ಎಂಬ ಅರ್ಥದ ಮಾತನ್ನು ಅವನು ಬಿಡದೆ ಸೇರಿಸಿದ. ನೀಲಿ ಗೆರೆ ಸೂರ್ಯನ ರೋಹಿತದ ಪರಿಚಿತ ಗೆರೆಯೊಂದಕ್ಕೆ ಸಮೀಪವಿದ್ದರೂ ಎರಡೂ ಒಂದೇ ಎಂದು ತಾನು ಸಿದ್ಧಪಡಿಸಿಲ್ಲವೆಂದ. ಕೆಂಪು ಗೆರೆಯ ಸ್ಥಾನವನ್ನು ಹೇಳುವುದಕ್ಕೂ ಹಿಂಜರಿದ. ಐದು ನಿಮಿಷಕ್ಕಾಗಿ ಅಷ್ಟೆಲ್ಲ ಸನ್ನಾಹ ಮಾಡಿಕೊಂಡು ಬಂದವನಿಗೆ ತನ್ನ ಅರಿವಿನ ಗಡಿಯನ್ನು ಹೀಗೆ ಗುರುತಿಸಿಡುವುದು ಸುಲಭವಾಗಿರಲಾರದು. ಚಪ್ಪಾಳೆಯ ಸಭೆಯಲ್ಲಿ ನನಗೆ ಅದು ಆಗಲಿಲ್ಲ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಗುಂಟೂರಿನಲ್ಲಿದ್ದ ಜಾನ್ಸನ್, ಈ ಗೆರೆಗಳ ಕಾಂತಿಯನ್ನು ಕಂಡು, ಗ್ರಹಣವಿಲ್ಲದೆಯೂ ಇವು ಕಂಡಾವೆಂದು ಎಣಿಸಿ ಮರುದಿನವೇ ನೋಡಿ ತೋರಿಸಿದ. ಇಂಗ್ಲೆಂಡಿನಲ್ಲಿ ಲಾಕಿಯರ್ ಎಂಬಾತ ಸ್ವತಂತ್ರವಾಗಿ ಅಕ್ಟೋಬರ್ 20ರಂದು ಅದನ್ನೇ ಸಾಧಿಸಿದ. ಇಬ್ಬರ ಸುದ್ದಿಯೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಒಂದೇ ಸಭೆಯಲ್ಲಿ ಓದಲ್ಪಟ್ಟಿತು. ಬಿಡುವಾಗಿ ಅಳೆಯುವ ಅನುಕೂಲವಿದ್ದ ಲಾಕಿಯರನಿಗೆ ಆ ಹಳದಿ ಗೆರೆ ಸೋಡಿಯಂನದಲ್ಲವೆಂದು ತಿಳಿಯಿತು. ಭೂಮಿಯ ಮೇಲೆ ಕಾಣದ ಆ ವಸ್ತುವಿಗೆ ಗ್ರೀಕರ ಸೂರ್ಯನ ಹೆಸರಿನಿಂದ ಹೀಲಿಯಂ ಎಂದು ನಾಮಕರಣವಾಯಿತು. 'ಗುಂಟೂರಿನಲ್ಲಿ ಹೀಲಿಯಂ ಕಂಡುಹಿಡಿದರು' ಎಂದು ಪುಸ್ತಕಗಳಲ್ಲಿ ಬರುವ ವಾಕ್ಯವೂ, 'ಜಮಖಂಡಿಯಲ್ಲಿ' ಎಂಬ ನನ್ನ ವಾಕ್ಯದಂತೆಯೇ, ಅವಸರದ ವಾಕ್ಯ.

1895ರಲ್ಲಿ ರ‍್ಯಾಮ್ಸೆ ಲಂಡನ್ನಿನಲ್ಲಿ ಯುರೇನಿಯಂ ಇರುವ ಒಂದು ಖನಿಜದಿಂದ ಹೊಮ್ಮಿದ ಅನಿಲದಲ್ಲಿ ಅದೇ ಗೆರೆಯನ್ನು ಕಂಡ. ಸೂರ್ಯನಲ್ಲಿದ್ದುದು ನೆಲದಲ್ಲೂ ಸಿಕ್ಕಿತು. ಅದರ ಹಟ ಆಮೇಲೆ ಗೊತ್ತಾಯಿತು. ಆಮ್ಲಜನಕ 1877ರಲ್ಲಿ, ಜಲಜನಕ 1898ರಲ್ಲಿ ತಣಿದು ದ್ರವವಾಗಿದ್ದವು; ಹೀಲಿಯಂ ಮಾತ್ರ ಜಗ್ಗಲಿಲ್ಲ. 1908ರ ಜುಲೈ 10ರಂದು ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ಸ್ ಅದನ್ನು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಸಿ ದ್ರವವಾಗಿಸಿದ. ಬರಿಯ ತಂಪಿಗೆ ಅದು ಹೆಪ್ಪುಗಟ್ಟಲಿಲ್ಲ. 1926ರಲ್ಲಿ ಅದೇ ಊರಿನ ಕೀಸೋಮ್ ಒತ್ತಡವನ್ನೂ ಹೇರಿದ ಮೇಲೆ ಘನವಾಯಿತು. ಮುಧೋಳದ ಗಾಣದ ಮನೆಯಲ್ಲಿ ಒಂದೇ ದಿನದಲ್ಲಿ ಕಾಣುವ ಮೂರು ಅವಸ್ಥೆಗಳನ್ನು ಹೀಲಿಯಂನಲ್ಲಿ ಕಾಣಲು, ಆ 1868ರ ಬೆಳಗಿನಿಂದ ಲೆಕ್ಕ ಹಾಕಿದರೆ, ಐವತ್ತೆಂಟು ವರ್ಷ ಬೇಕಾಯಿತು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಮೈಯೊಳಗಿನ ಚಿತ್ರ ತೆಗೆಯುವ ಎಂ.ಆರ್.ಐ. ಯಂತ್ರದ ಸುರುಳಿಗಳನ್ನು ತಂಪಾಗಿಡುವುದು ಈ ದ್ರವ ಹೀಲಿಯಂ.

ಇನ್ನೊಂದು ಮಾತೂ ಸೇರಬೇಕು. ಸೂರ್ಯನ ಕಾವಿನಲ್ಲಿ ಅನಿಲವೂ ಅನಿಲವಾಗಿಯೇ ಉಳಿಯುವುದಿಲ್ಲ. ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಎಷ್ಟು ಕಾವಿಗೆ, ಎಷ್ಟು ಒತ್ತಡದಲ್ಲಿ ಎಷ್ಟು ಕಳಚುತ್ತವೆ ಎಂಬುದಕ್ಕೆ 1920ರಲ್ಲಿ ಸೂತ್ರ ಕೊಟ್ಟವರು ನಮ್ಮ ಮೇಘನಾದ ಸಹಾ. ಈ ಅವಸ್ಥೆಗೆ ಈಗ ಪ್ಲಾಸ್ಮಾ ಎಂಬ ಹೆಸರು. ಇದು ವಸ್ತುವಿನ ನಾಲ್ಕನೆಯ ಅವಸ್ಥೆ. ಹರ್ಷಲ್ 'ಅನಿಲ' ಎಂದ ಉತ್ತರವನ್ನೂ ಹೀಗೆ ಮುಂದಿನವರು ತಿದ್ದಿ ಬೆಳೆಸಿದರು. ತನ್ನ ಗಡಿಯನ್ನು ತಾನೇ ಗುರುತಿಸಿದ ಮಾತನ್ನು ಬೆಳೆಸುವುದು ಸುಲಭ. ಕೊಚ್ಚಿಕೊಂಡ ಮಾತನ್ನು ಮುರಿಯಬೇಕಾಗುತ್ತದೆ.

ಆದ್ದರಿಂದ ನಮ್ಮೂರ ಮಕ್ಕಳಿಗೆ ಈಗ ನಾನು ಹೇಳುವ ವಾಕ್ಯ ಬೇರೆ. ಹೀಲಿಯಂನ ಬೆಳಕು ಜಮಖಂಡಿಯಲ್ಲಿ ಕಣ್ಣಿಗೆ ಬಿತ್ತು, ಗುರುತು ಸಿಗಲಿಲ್ಲ. ಸೂರ್ಯನ ಜ್ವಾಲೆಗಳು ಅನಿಲವೆಂಬುದು ಇಲ್ಲಿ ಕಣ್ಣಿಗೆ ಬಿತ್ತು, ಗುರುತೂ ಸಿಕ್ಕಿತು. ಈ ವಾಕ್ಯಕ್ಕೆ ಚಪ್ಪಾಳೆ ಕಡಿಮೆ. ಕೇಳಿದ ಹುಡುಗರು ಮಾತ್ರ ಕೆಲವೊಮ್ಮೆ ಎದ್ದು ನಿಂತು, ಮುಂದಿನ ಖಗ್ರಾಸ ಯಾವಾಗ ಎಂದು ಕೇಳುತ್ತಾರೆ.